ಲೆಕ್ಕ ನೋಡುವವನನ್ನು ಯಾರು ಆರಿಸಬೇಕು?

(ಲೋಣಾವಳೆಯ ಕನ್ನಡ ಬಂಧುಗಳ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ದಿನ ಭಾಷಣಕಾರನಾದವನು ಕದಂಬರಿಂದ ಹೊರಟು, ವಿಜಯನಗರವನ್ನು ಹಾಯ್ದು, ಏಕೀಕರಣಕ್ಕೆ ಬಂದು ಮುಟ್ಟುವುದು ವಾಡಿಕೆ. ಆ ದಾರಿ ನಿಮಗೂ ಗೊತ್ತು, ನನಗೂ ಗೊತ್ತು. ಈ ಸಲ ಅಧ್ಯಕ್ಷರು ನನ್ನನ್ನು ಕರೆಯುವಾಗ, "ಹಬ್ಬದ ಮಾತನ್ನು ಉಳಿದವರು ಆಡುತ್ತಾರೆ, ತಾವು ಏನಾದರೂ ಉಪಯೋಗದ ಮಾತು ಹೇಳಿರಿ" ಎಂದರು. ಉಪಯೋಗದ ಮಾತು ಎಂದರೆ, ಬಾಳೆಲ್ಲ ಕೀರ್ದಿ ಖತಾವಣಿಗಳ ನಡುವೆ ಸವೆಸಿದ ನನ್ನಂಥವನಿಗೆ ಲೆಕ್ಕದ ಹೊರತು ಬೇರೇನು ತೋಚೀತು? ಆದಕಾರಣ ಈ ಹೊತ್ತು ಲೆಕ್ಕ ಬರೆಯುವವರನ್ನು ಬಿಟ್ಟು, ಲೆಕ್ಕ ನೋಡುವವರ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಹಬ್ಬದ ದಿನ ಇದೆಂಥ ಒಣ ವಿಷಯ ಎಂದು ಬೇಸರಪಡಬಾರದು. ಒಣಗಿದ ಕಟ್ಟಿಗೆಯೇ ಚೆನ್ನಾಗಿ ಉರಿಯುತ್ತದೆ.

ಸಂಘ ಸಂಸ್ಥೆಗಳ ವಾರ್ಷಿಕ ಸಭೆಯ ಕಾರ್ಯಕ್ರಮ ಪತ್ರಿಕೆಯನ್ನು ನೀವು ನೋಡಿದ್ದೀರಿ. ಪ್ರಾರ್ಥನೆ, ಸ್ವಾಗತ, ವರದಿವಾಚನ, ಜಮಾ ಖರ್ಚಿನ ಮಂಡನೆ, ಹೊಸ ಕಾರ್ಯಕಾರಿ ಮಂಡಳದ ಆಯ್ಕೆ. ಇವೆಲ್ಲ ಮುಗಿದ ಮೇಲೆ ಕೊನೆಯಲ್ಲಿ "ಲೆಕ್ಕ ಪರಿಶೋಧಕರ ಆಯ್ಕೆ" ಎಂದು ಒಂದು ಸಾಲು ಇರುತ್ತದೆ. ಅಷ್ಟು ಹೊತ್ತಿಗೆ ಹೊರಗಿನ ಪಡಸಾಲೆಯಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬಂದಿರುತ್ತದೆ. ಯಾರೋ "ಹೋದ ವರ್ಷದವರೇ ಇರಲಿ" ಎನ್ನುತ್ತಾರೆ, ಯಾರೋ "ಅನುಮೋದನೆ" ಎನ್ನುತ್ತಾರೆ, ಉಳಿದವರೆಲ್ಲ ಎದ್ದು ನಿಂತಿರುತ್ತಾರೆ. ಅಧ್ಯಕ್ಷರ ಆಯ್ಕೆಗೆ ಒಂದು ತಾಸು ಜಗಳ. ಲೆಕ್ಕ ಪರಿಶೋಧಕನ ಆಯ್ಕೆಗೆ ಅರೆ ನಿಮಿಷ. ಈ ಅರೆ ನಿಮಿಷದ ಬೆಲೆ ಎಷ್ಟೆಂಬುದನ್ನು ಹೇಳಲಿಕ್ಕಾಗಿ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ. ದಿಲ್ಲಿಗೆ ಹೋಗೋಣ, ಅಲ್ಲಿಂದ ಸಮುದ್ರ ದಾಟಿ ನ್ಯೂಯಾರ್ಕಿಗೂ ಹೋಗಿ ಬರೋಣ. ಆಮೇಲೆ ನಮ್ಮ ಸಂಘದ ಪಡಸಾಲೆಗೆ ಹಿಂದಿರುಗಿದರಾಯಿತು.

ಲೆಕ್ಕ ಬರೆಯುವುದು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲ. ನಮ್ಮ ಶಾಸನಗಳಲ್ಲಿ ಸೇನಬೋವರು ಬರುತ್ತಾರೆ. ಮೈಸೂರು ಸೀಮೆಯಲ್ಲಿ ಶಾನುಭೋಗರಿದ್ದರು, ನಮ್ಮ ಕಡೆ ಕುಲಕರ್ಣಿಗಳಿದ್ದರು. ಬರೆಯುವವನಿದ್ದಂತೆ ನೋಡುವವನೂ ಇದ್ದ. ವರ್ಷಕ್ಕೊಮ್ಮೆ ಮೇಲಿನ ಅಧಿಕಾರಿ ಊರಿಗೆ ಬಂದು ದಫ್ತರ ಬಿಚ್ಚಿಸುವುದಕ್ಕೆ ಜಮಾಬಂದಿ ಎಂದು ಹೆಸರು. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಊರ ಜನರ ಎದುರಿಗೆ ವರ್ಷದ ಲೆಕ್ಕ ಪತ್ರ ನೋಡುವ ಕೆಲಸಕ್ಕೆ ಇಂದಿಗೂ ಜಮಾಬಂದಿ ಎಂದೇ ಹೆಸರುಂಟು. ಬರೆದವನೇ ನೋಡಿದರೆ ಅದು ನೋಡಿದಂತಲ್ಲ ಎಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಇತ್ತು. ಬೇಲಿಯೇ ಎದ್ದು ಹೊಲ ಮೇಯುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇದನ್ನೇ ಒಂದು ದೇಶದ ಮಟ್ಟಕ್ಕೆ ಏರಿಸಿ ನೋಡಿರಿ. ಭಾರತ ಸರಕಾರವೂ ರಾಜ್ಯ ಸರಕಾರಗಳೂ ಖರ್ಚು ಮಾಡುವ ಹಣ ನಿಮ್ಮದು, ನನ್ನದು. ಬೆಂಕಿಪೆಟ್ಟಿಗೆ ಕೊಂಡ ಬಡವನೂ ತೆರಿಗೆ ಕೊಟ್ಟಿರುತ್ತಾನೆ. ಈ ಹಣವನ್ನು ಮಂಜೂರು ಮಾಡುವವರು ನಾವು ಆರಿಸಿ ಕಳಿಸಿದ ಶಾಸನಸಭೆಯವರು. ಖರ್ಚು ಮಾಡುವವರು ಮಂತ್ರಿಗಳು ಮತ್ತು ಅಧಿಕಾರಿಗಳು. ಮಂಜೂರಾದದ್ದು ಮಂಜೂರಾದ ಕೆಲಸಕ್ಕೇ ಹೋಯಿತೇ, ನಿಯಮ ಪ್ರಕಾರ ಹೋಯಿತೇ, ಹೋದದ್ದರಿಂದ ಫಲ ಬಂದಿತೇ ಎಂದು ನೋಡಲು ಮೂರನೆಯವನೊಬ್ಬ ಬೇಕು. ನಮ್ಮ ಸಂವಿಧಾನದ 148ನೆಯ ವಿಧಿ ಅಂಥವನನ್ನು ನಿರ್ಮಿಸಿದೆ. ಆತನ ಹೆಸರು ಭಾರತದ ನಿಯಂತ್ರಕ ಮತ್ತು ಮಹಾಲೆಕ್ಕಪರಿಶೋಧಕ. ಪತ್ರಿಕೆಯವರು ಚಿಕ್ಕದಾಗಿ ಸಿ.ಎ.ಜಿ. ಎನ್ನುತ್ತಾರೆ. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಷಯ ಬಂದಾಗ ಡಾ. ಅಂಬೇಡ್ಕರರು, ಈ ಅಧಿಕಾರಿಯ ಹೊಣೆ ನ್ಯಾಯಾಂಗದ ಹೊಣೆಗಿಂತಲೂ ದೊಡ್ಡದು ಎಂಬ ಅಭಿಪ್ರಾಯವನ್ನು ಕೊಟ್ಟರು. ಸಾಮಾನ್ಯ ಮಾತಲ್ಲ ಇದು.

ಆತನಿಗೆ ಕಟ್ಟಿಕೊಟ್ಟ ರಕ್ಷಣೆಯನ್ನು ನೋಡಿದರೆ ಅಂಬೇಡ್ಕರರ ಮನಸ್ಸು ತಿಳಿಯುತ್ತದೆ. ರಾಷ್ಟ್ರಪತಿಗಳು ತಮ್ಮ ಮುದ್ರೆಯ ಆಜ್ಞೆಯಿಂದ ನೇಮಿಸುತ್ತಾರೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯಬೇಕಾದರೆ ಎಷ್ಟು ಕಷ್ಟವೋ ಈತನನ್ನು ತೆಗೆಯುವುದೂ ಅಷ್ಟೇ ಕಷ್ಟ. ನೇಮಕವಾದ ಮೇಲೆ ಸಂಬಳವನ್ನು ಕಡಿಮೆ ಮಾಡುವಂತಿಲ್ಲ. ಆತನ ಕಚೇರಿಯ ಖರ್ಚು ಸಂಚಿತ ನಿಧಿಯಿಂದ ನೇರವಾಗಿ ಹೋಗುತ್ತದೆ, ಅದನ್ನು ಮತಕ್ಕೆ ಹಾಕುವ ಮಾತಿಲ್ಲ. ಆರು ವರ್ಷ ಅಥವಾ 65 ವಯಸ್ಸು, ಯಾವುದು ಮೊದಲೋ ಅಲ್ಲಿಗೆ ಅವಧಿ ಮುಗಿಯುತ್ತದೆ. ಮುಗಿದ ಮೇಲೆ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಸರಕಾರಿ ಹುದ್ದೆಗೆ ಆತ ಅರ್ಹನಲ್ಲ. ನಾಳೆ ಸಿಗಬಹುದಾದ ಕುರ್ಚಿಯ ಆಸೆಯಿಂದ ಇವತ್ತಿನ ವರದಿ ಮೆತ್ತಗಾಗಬಾರದು ಎಂಬುದು ಇದರ ಹಿಂದಿನ ಆಲೋಚನೆ.

ಲೋಣಾವಳೆಯವರಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಡ. ನಮ್ಮ ಬೋರ್ ಘಾಟಿನ ರೈಲುದಾರಿ 1863ರಲ್ಲಿ ತೆರೆಯಿತು. ಮುಂಬಯಿಯಿಂದ ಬರುವ ಗಾಡಿಗೆ ಕರ್ಜತದಲ್ಲಿ ಹಿಂದಿನಿಂದ ಹೆಚ್ಚಿನ ಎಂಜಿನ್ನುಗಳನ್ನು ಜೋಡಿಸಿ ಮೇಲಕ್ಕೆ ನೂಕಿಸಿಕೊಂಡು ಬರುತ್ತಾರೆ. ಇಲ್ಲಿಂದ ಕೆಳಗೆ ಹೋಗುವ ಗಾಡಿಯ ಕಥೆ ಬೇರೆ. ಅದಕ್ಕೆ ನೂಕುವವರು ಬೇಡ. ಅದು ತಾನೇ ಓಡುತ್ತದೆ. ಅದಕ್ಕೇ ಅದನ್ನು ಘಾಟಿನ ದಾರಿಯಲ್ಲಿ ನಿಲ್ಲಿಸಿ ಬ್ರೇಕು ಹಿಡಿಯುತ್ತದೆಯೋ ಇಲ್ಲವೋ ಪರೀಕ್ಷಿಸುತ್ತಾರೆ. ಒಳಗೆ ಕುಳಿತ ಪ್ರಯಾಣಿಕನಿಗೆ "ಏಕೆ ನಿಂತಿತಪ್ಪ" ಎಂದು ಬೇಸರ. ಹಾಗೆ ನಿಲ್ಲಿಸುವುದು ಡ್ರೈವರನ ಮೇಲಿನ ಸಂಶಯದಿಂದಲ್ಲ. ಒಳ್ಳೆಯ ಡ್ರೈವರನಿಗೇ ಆ ಪರೀಕ್ಷೆ ಹೆಚ್ಚು ಬೇಕು. ಸರಕಾರದ ಹಣವೂ ಇಳಿಜಾರಿನ ಗಾಡಿಯಂತೆ. ಒಮ್ಮೆ ಬಿಟ್ಟರೆ ತಾನೇ ಓಡುತ್ತದೆ.

ಈಗ ನಮ್ಮವರೊಬ್ಬರ ಕಥೆಗೆ ಬರುತ್ತೇನೆ. ಮಹಾಲೆಕ್ಕಪರಿಶೋಧಕರ ಆ ಪೀಠದಲ್ಲಿ ಕೊಡಗಿನ ಶ್ರೀ ಸಿ. ಜಿ. ಸೋಮಯ್ಯನವರು 1990ರ ಮಾರ್ಚಿಯಿಂದ 1996ರ ಮಾರ್ಚಿಯವರೆಗೆ ಕುಳಿತಿದ್ದರು. ಕೊಡಗಿನವರ ಮನೆಮಾತು ಕೊಡವ, ನಾಡಿನ ಮಾತು ಕನ್ನಡ. ಆ ಚಿಕ್ಕ ನಾಡು 1956ರ ನವೆಂಬರ್ 1ರಂದು, ನಾವು ಹಬ್ಬ ಮಾಡುವ ಇದೇ ತಾರೀಖಿನಂದು, ವಿಶಾಲ ಮೈಸೂರಿನಲ್ಲಿ ಸೇರಿತು. ಕೊಡಗು ಎಂದರೆ ಜನರಿಗೆ ಮೊದಲು ನೆನಪಾಗುವುದು ಸೇನಾಪತಿಗಳು. ಕತ್ತಿಯ ನಾಡಿನಿಂದ ಲೆಕ್ಕದ ಸೇನಾಪತಿಯೊಬ್ಬರು ಬಂದದ್ದು ಸ್ವಾರಸ್ಯದ ಸಂಗತಿ.

ಸೋಮಯ್ಯನವರೂ ನಮ್ಮಂತೆ ಹೊರನಾಡಿನಲ್ಲಿ ಬದುಕಿದವರು. ಭಾರತೀಯ ಆಡಳಿತ ಸೇವೆಗೆ ಸೇರಿದ ಅವರ ಪಾಲಿಗೆ ಬಂದದ್ದು ಒರಿಸ್ಸಾ ಪ್ರಾಂತ. ಹುಟ್ಟಿದ್ದು ಕಾಫಿ ತೋಟಗಳ ನಾಡಿನಲ್ಲಿ. ದುಡಿದದ್ದು ಮಹಾನದಿಯ ಬಯಲಿನಲ್ಲಿ, ಆಮೇಲೆ ದಿಲ್ಲಿಯಲ್ಲಿ. 1986ರಿಂದ 1988ರವರೆಗೆ ಅವರು ಕೇಂದ್ರದ ಗೃಹ ಕಾರ್ಯದರ್ಶಿಗಳಾಗಿದ್ದರು. ಪಂಜಾಬು ಉರಿಯುತ್ತಿದ್ದ ಕಾಲ ಅದು. 1988ರಲ್ಲಿ ಕೇಂದ್ರ ಜಾಗೃತ ಆಯುಕ್ತರಾದರು. ಸರಕಾರಿ ನೌಕರರ ಭ್ರಷ್ಟಾಚಾರದ ವಿಚಾರಣೆಯ ಮೇಲೆ ಕಣ್ಣಿಡಲು ಸಂತಾನಂ ಸಮಿತಿಯ ಶಿಫಾರಸಿನಂತೆ 1964ರಲ್ಲಿ ಹುಟ್ಟಿದ ಆಯೋಗವಿದು. ಅಂದಿನ ಕಾಲಕ್ಕೆ ಅದು ಸಲಹೆ ಕೊಡಬಹುದಾಗಿತ್ತೇ ಹೊರತು ಅದಕ್ಕೆ ಸಂಸತ್ತಿನ ಕಾಯಿದೆಯ ಬಲವಿರಲಿಲ್ಲ. ಕಾಯಿದೆ ಬಂದದ್ದು 2003ರಲ್ಲಿ. ಅಲ್ಲಿಂದ 1990ರಲ್ಲಿ ಮಹಾಲೆಕ್ಕಪರಿಶೋಧಕರ ಪೀಠಕ್ಕೆ ಬಂದರು.

ಅವರು ಬಂದಾಗ ಆ ಪೀಠ ಇನ್ನೂ ಬಿಸಿಯಾಗಿತ್ತು. ಅವರಿಗಿಂತ ಮುಂಚೆ ಅಲ್ಲಿದ್ದವರು ಶ್ರೀ ಟಿ. ಎನ್. ಚತುರ್ವೇದಿಯವರು, ಮುಂದೆ 2002ರಿಂದ 2007ರವರೆಗೆ ಕರ್ನಾಟಕದ ರಾಜ್ಯಪಾಲರಾಗಿದ್ದರಲ್ಲ, ಅವರೇ. ಬೊಫೋರ್ಸ್ ತೋಪುಗಳ ಖರೀದಿಯ ಬಗ್ಗೆ ಅವರ ಕಚೇರಿಯ ವರದಿ 1989ರ ಜುಲೈಯಲ್ಲಿ ಸಂಸತ್ತಿನ ಮುಂದೆ ಬಂದಾಗ ಎಂಥ ಗದ್ದಲವಾಯಿತೆಂದರೆ, ವಿರೋಧ ಪಕ್ಷಗಳ ಬಹುಮಂದಿ ಸದಸ್ಯರು ಲೋಕಸಭೆಗೆ ರಾಜೀನಾಮೆಯನ್ನೇ ಇತ್ತರು. ಅಲ್ಲಿಯವರೆಗೆ ಲೆಕ್ಕದ ವರದಿಯೆಂದರೆ ಕಪಾಟಿನಲ್ಲಿ ಇಡುವ ಹೊತ್ತಗೆ ಎಂದು ತಿಳಿದಿದ್ದ ಜನಸಾಮಾನ್ಯರಿಗೆ ಮೊದಲ ಬಾರಿ ಅದರ ಬಿಸಿ ತಟ್ಟಿತು. ಇದಾದ ಮೇಲೆ ಆ ಕುರ್ಚಿಗೆ ಬರುವವನು ಸರಕಾರದವನೋ ಸರಕಾರದ ವಿರೋಧಿಯೋ ಎಂದು ಜನ ಕೇಳತೊಡಗಿದರು. ಲೆಕ್ಕ ನೋಡುವವನು ಇಬ್ಬರವನೂ ಆಗಿರಬಾರದು ಎಂಬ ಮೂಲ ಮಾತೇ ಮರೆಯಾಗುವ ಹೊತ್ತು. ಅಂಥ ಹೊತ್ತಿನಲ್ಲಿ ಸೋಮಯ್ಯನವರು ಆರು ವರ್ಷ ಆ ಕೆಲಸ ಮಾಡಿದರು. ಆ ಆರು ವರ್ಷಗಳಲ್ಲಿ ದಿಲ್ಲಿಯಲ್ಲಿ ನಾಲ್ವರು ಪ್ರಧಾನಿಗಳಾಗಬೇಕಿತ್ತೋ ಏನೋ, ಮೂವರಂತೂ ಆದರು. ಸರಕಾರಗಳು ಬದಲಾದವು, ಲೆಕ್ಕ ನೋಡುವವರು ಬದಲಾಗಲಿಲ್ಲ.

ಇನ್ನು ಚುನಾವಣೆಯ ಮಾತು. ನಮ್ಮ ದೇಶದಲ್ಲಿ ಮಹಾಲೆಕ್ಕಪರಿಶೋಧಕನ ಸ್ಥಾನಕ್ಕೆ ಚುನಾವಣೆಯಿಲ್ಲ. ಆದರೆ ಆ ಸ್ಥಾನದಲ್ಲಿದ್ದವರು ಇಡೀ ಜಗತ್ತಿನ ಎದುರಿಗೆ ಆಯ್ಕೆಗೆ ನಿಲ್ಲಬೇಕಾದ ಪ್ರಸಂಗ ಒಂದುಂಟು. ಸಂಯುಕ್ತ ರಾಷ್ಟ್ರಸಂಘಕ್ಕೂ ಖರ್ಚುಂಟು, ಲೆಕ್ಕವುಂಟು. ಅದರ ಲೆಕ್ಕ ನೋಡಲು 1946ರಲ್ಲಿ ಮಹಾಸಭೆಯು ಲೆಕ್ಕಪರಿಶೋಧಕರ ಮಂಡಳಿಯೊಂದನ್ನು ಸ್ಥಾಪಿಸಿತು. ಅದರಲ್ಲಿ ಮೂವರೇ ಸದಸ್ಯರು. ಮೂವರೂ ತಮ್ಮ ತಮ್ಮ ದೇಶದ ಮಹಾಲೆಕ್ಕಪರಿಶೋಧಕರಾಗಿರಬೇಕು. ಮಹಾಸಭೆಯ ಐದನೆಯ ಸಮಿತಿ ಹೆಸರನ್ನು ಶಿಫಾರಸು ಮಾಡುತ್ತದೆ. ಹುರಿಯಾಳುಗಳು ಹೆಚ್ಚಾಗಿದ್ದರೆ ಗುಪ್ತ ಮತದಾನ ನಡೆಯುತ್ತದೆ. ಅಲ್ಲಿ ದೊಡ್ಡ ದೇಶಕ್ಕೂ ಒಂದೇ ಮತ, ನಕಾಶೆಯಲ್ಲಿ ಚುಕ್ಕೆಯಂತಿರುವ ದ್ವೀಪಕ್ಕೂ ಒಂದೇ ಮತ.

1992ರಲ್ಲಿ, ಸೋಮಯ್ಯನವರು ಅಧಿಕಾರದಲ್ಲಿದ್ದಾಗ, ಭಾರತದ ಮಹಾಲೆಕ್ಕಪರಿಶೋಧಕರು ಈ ಮಂಡಳಿಗೆ ಆಯ್ಕೆಯಾದರು. 1993ರ ಜುಲೈಯಿಂದ ಕೆಲಸ ಮೊದಲಾಯಿತು. ಅಂದಿನ ಪದ್ಧತಿಯಂತೆ ಮೂರು ವರ್ಷಗಳ ಅವಧಿ. ಅಂಥ ಎರಡು ಅವಧಿಗಳು, 1999ರ ಜೂನ್‌ವರೆಗೆ, ಭಾರತದ ಪಾಲಿಗೆ ಬಂದವು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಹಾಸಭೆ ಆರಿಸಿದ್ದು ಸೋಮಯ್ಯನವರೆಂಬ ವ್ಯಕ್ತಿಯನ್ನಲ್ಲ, ಅವರು ಕುಳಿತಿದ್ದ ಪೀಠವನ್ನು. 1996ರ ಮಾರ್ಚಿಯಲ್ಲಿ ಅವರು ನಿವೃತ್ತರಾದಾಗ ಆ ಜಾಗತಿಕ ಹೊಣೆಯನ್ನು ಮನೆಗೆ ಕೊಂಡೊಯ್ಯಲಿಲ್ಲ. ಅವರ ನಂತರ ಬಂದ ಶ್ರೀ ವಿ. ಕೆ. ಶುಂಗ್ಲು ಅವರು ಅದನ್ನು ಮುಂದುವರಿಸಿದರು. ಸಂಘ ಸಂಸ್ಥೆಗಳಲ್ಲಿ "ನಾನು ಹೋದರೆ ಎಲ್ಲ ಹೋಯಿತು" ಎನ್ನುವವರು ಇದನ್ನು ಮನನ ಮಾಡಬೇಕು. ಮುಂದೆ 2014ರಿಂದ 2020ರವರೆಗೆ ಭಾರತಕ್ಕೆ ಮತ್ತೊಮ್ಮೆ ಆ ಮಂಡಳಿಯ ಸ್ಥಾನ ದೊರೆಯಿತು. ಅಷ್ಟರಲ್ಲಿ ನಿಯಮ ಬದಲಾಗಿ, ಆರು ವರ್ಷಗಳ ಒಂದೇ ಅವಧಿ, ಅದರ ಬೆನ್ನಿಗೇ ಮತ್ತೊಂದು ಅವಧಿಯಿಲ್ಲ ಎಂದಾಗಿತ್ತು.

ಜಗತ್ತು ಭಾರತದ ಪೀಠವನ್ನು ಮತ ಕೊಟ್ಟು ಆರಿಸಬಹುದಾದರೆ, ಭಾರತದವರೇ ಏಕೆ ಆರಿಸಬಾರದು ಎಂಬ ಪ್ರಶ್ನೆ ನಿಮ್ಮಲ್ಲಿ ಹುಟ್ಟಿರಬಹುದು. ಜನರೇ ಆರಿಸುವ ನಾಡುಗಳೂ ಇವೆ. ಅಮೇರಿಕದ ಹಲವು ಸಂಸ್ಥಾನಗಳಲ್ಲಿ ರಾಜ್ಯದ ಲೆಕ್ಕಪರಿಶೋಧಕನು ಗವರ್ನರನಂತೆ ಊರೂರು ತಿರುಗಿ ಮತ ಕೇಳುತ್ತಾನೆ. ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ 2022ರಲ್ಲಿ ಡಯಾನಾ ಡಿಜೋಗ್ಲಿಯೋ ಎಂಬ ಮಹಿಳೆ ಹೀಗೆ ಆರಿಸಿ ಬಂದರು. ಅದಕ್ಕೆ ಮುಂಚೆ ಅವರು ಅಲ್ಲಿನ ಶಾಸನಸಭೆಯಲ್ಲಿಯೇ ಇದ್ದವರು. ಲೆಕ್ಕಪರಿಶೋಧಕರಾದ ಮೇಲೆ ಶಾಸನಸಭೆಯ ಲೆಕ್ಕವನ್ನೂ ನೋಡುತ್ತೇನೆಂದರು. ಸಭೆಯವರು ಆಗದೆಂದರು. 2024ರ ನವೆಂಬರಿನಲ್ಲಿ ಆ ಪ್ರಶ್ನೆಯನ್ನು ಜನರ ಮುಂದೆಯೇ ಇಟ್ಟಾಗ ನೂರಕ್ಕೆ 70ಕ್ಕೂ ಹೆಚ್ಚು ಜನ "ನೋಡಲಿ" ಎಂದು ಮತವಿತ್ತರು. ಹಾಗಿದ್ದೂ ಸಭೆಗೂ ಅವರಿಗೂ ಹಗ್ಗಜಗ್ಗಾಟ ನಿಲ್ಲಲಿಲ್ಲ. ಜನರ ಬಲ ಬೆನ್ನಿಗಿದ್ದರೆ ಲೆಕ್ಕಪರಿಶೋಧಕನಿಗೆ ಎಂಥ ಧೈರ್ಯ ಬರುತ್ತದೆಂಬುದಕ್ಕೆ ಇದು ಉದಾಹರಣೆ. ಆದರೆ ಮತ ಕೇಳುವವನಿಗೆ ಪಕ್ಷ ಬೇಕು, ಪ್ರಚಾರಕ್ಕೆ ಹಣ ಬೇಕು. ಕೊಟ್ಟವನ ಲೆಕ್ಕವನ್ನು ನಾಳೆ ನೋಡಬೇಕಾಗಿ ಬಂದರೆ ಏನು ಗತಿ?

ಇಂಗ್ಲೆಂಡಿನವರು ನಡುವಿನ ದಾರಿ ಹಿಡಿದಿದ್ದಾರೆ. 1983ರ ಅವರ ಕಾಯಿದೆಯಂತೆ, ಪಾರ್ಲಿಮೆಂಟಿನ ಲೆಕ್ಕಪತ್ರ ಸಮಿತಿಯ ಅಧ್ಯಕ್ಷನ ಒಪ್ಪಿಗೆ ಪಡೆದು ಪ್ರಧಾನಿ ಹೆಸರನ್ನು ಸೂಚಿಸಬೇಕು, ಕಾಮನ್ಸ್ ಸಭೆ ಒಪ್ಪಬೇಕು, ಆಮೇಲೆ ನೇಮಕ. ನಮ್ಮಲ್ಲಿ ರಾಷ್ಟ್ರಪತಿಗಳ ಆಜ್ಞೆ ಎಂದರೆ ಕಾರ್ಯತಃ ಸರಕಾರದ ಆಯ್ಕೆಯೇ. ಸ್ವತಂತ್ರ ಭಾರತದಲ್ಲಿ ಈ ಪೀಠದ ಮೊದಲಿಗರಾದ ಶ್ರೀ ವಿ. ನರಹರಿ ರಾವ್ ಅವರು ಲೆಕ್ಕಪರಿಶೋಧನೆಯ ಸೇವೆಯಲ್ಲೇ ಬೆಳೆದು ಬಂದವರು. 1978ರಿಂದ ಈಚೆಗೆ ನೇಮಕವಾದವರೆಲ್ಲರೂ ಆಡಳಿತ ಸೇವೆಯವರು. ನಮ್ಮ ಸೋಮಯ್ಯನವರೂ ಅವರಲ್ಲೊಬ್ಬರು. ಆಡಳಿತದ ಒಳಗುಟ್ಟು ಬಲ್ಲವನಿಗೆ ಕಳ್ಳದಾರಿಗಳೂ ಗೊತ್ತಿರುತ್ತವೆ ಎಂಬುದು ಒಂದು ವಾದ. ನಿನ್ನೆ ಖರ್ಚಿನ ಕಾಗದಕ್ಕೆ ರುಜು ಹಾಕಿದ ಕೈಯೇ ಇಂದು ಅದೇ ಕಾಗದವನ್ನು ಪರೀಕ್ಷಿಸಬೇಕಾಗಬಹುದು ಎಂಬುದು ಎದುರು ವಾದ. ನೇಮಕವನ್ನು ಪ್ರಧಾನಿ, ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಇವರು ಸೇರಿದ ಸಮಿತಿಯೊಂದರ ಮೂಲಕ ಮಾಡಬೇಕೆಂದು ಬೇಡಿದ ಅರ್ಜಿಯ ಮೇಲೆ 2025ರಲ್ಲಿ ಸುಪ್ರೀಂ ಕೋರ್ಟು ಸರಕಾರಕ್ಕೆ ನೋಟೀಸು ಕೊಟ್ಟಿತು. ಅಂದರೆ ಯಾರು ಆರಿಸಬೇಕೆಂಬ ಪ್ರಶ್ನೆ ಸಂವಿಧಾನ ಬಂದು ಮುಕ್ಕಾಲು ಶತಮಾನವಾದ ಮೇಲೂ ಜೀವಂತವಾಗಿದೆ.

ನನ್ನ ಅಲ್ಪ ಬುದ್ಧಿಗೆ ತೋರುವುದು ಇಷ್ಟು. ಯಾರು ಆರಿಸಿದರೂ ಆಗಬಹುದು, ಯಾರ ಲೆಕ್ಕವನ್ನು ನೋಡಬೇಕೋ ಅವರೊಬ್ಬರೇ ಕುಳಿತು ಆರಿಸಕೂಡದು. ಆರಿಸಿದ ಮೇಲೆ ಅವನನ್ನು ಹೆದರಿಸಲು ಬರಬಾರದು, ಆಸೆ ತೋರಿಸಲೂ ಬರಬಾರದು. ಅವನು ಬರೆದದ್ದನ್ನು ಓದುವವರಿರಬೇಕು. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಮಹಾಲೆಕ್ಕಪರಿಶೋಧಕನಿಗೆ ಯಾರನ್ನೂ ಶಿಕ್ಷಿಸುವ ಅಧಿಕಾರವಿಲ್ಲ. ಅವನ ಕೈಯಲ್ಲಿರುವುದು ಬರವಣಿಗೆಯೊಂದೇ. ಕೇಂದ್ರದ ವರದಿ ರಾಷ್ಟ್ರಪತಿಗಳ ಮೂಲಕ ಸಂಸತ್ತಿಗೆ, ರಾಜ್ಯದ ವರದಿ ರಾಜ್ಯಪಾಲರ ಮೂಲಕ ಶಾಸನಸಭೆಗೆ ಹೋಗುತ್ತದೆ. ಅಲ್ಲಿ ಲೆಕ್ಕಪತ್ರ ಸಮಿತಿ ಕುಳಿತು ಅಧಿಕಾರಿಗಳನ್ನು ಕರೆದು ಕೇಳಬೇಕು. ಸಂಸತ್ತಿನಲ್ಲಿ 1967ರಿಂದ ಆ ಸಮಿತಿಯ ಅಧ್ಯಕ್ಷತೆಯನ್ನು ವಿರೋಧ ಪಕ್ಷದವರಿಗೆ ಕೊಡುವ ಒಳ್ಳೆಯ ಸಂಪ್ರದಾಯ ಬೆಳೆದಿದೆ. ಓದದ ವರದಿ ಅಂಚೆಗೆ ಹಾಕದ ಕಾಗದವಿದ್ದಂತೆ.

ಸೋಮಯ್ಯನವರು ತಮ್ಮ ಆತ್ಮಕಥೆಯನ್ನು ಇಂಗ್ಲೀಷಿನಲ್ಲಿ ಬರೆದರು. 2010ರಲ್ಲಿ ಅದು ಪ್ರಕಟವಾಯಿತು. ಅದೇ ವರ್ಷ ಅವರು ತೀರಿಕೊಂಡರು. ಪ್ರಾಮಾಣಿಕರು ಯಾವಾಗಲೂ ಒಂಟಿಯಾಗಿಯೇ ನಿಲ್ಲುತ್ತಾರೆ ಎಂಬ ಅರ್ಥದ ಹೆಸರನ್ನು ಆ ಪುಸ್ತಕಕ್ಕೆ ಇಟ್ಟಿದ್ದಾರೆ. ಇಷ್ಟು ಎತ್ತರದ ಪೀಠಗಳಲ್ಲಿ ಕುಳಿತವರು ಕಡೆಗೆ ಈ ಮಾತನ್ನು ಹೆಸರಾಗಿ ಆರಿಸಿಕೊಂಡರಲ್ಲ ಎಂದು ನನಗೆ ಬಹಳ ದಿನ ಮನಸ್ಸಿಗೆ ಹತ್ತಿಕೊಂಡಿತ್ತು. ಅದಕ್ಕೆ ಕಾರಣ ನಾನು ಕಣ್ಣಾರೆ ಕಂಡ ಒಂದು ಸಂಗತಿ.

ಊರಿನ ಹೆಸರು ಹೇಳುವುದಿಲ್ಲ, ಸಂಘದ ಹೆಸರೂ ಬೇಡ. ಹೊರನಾಡಿನ ನಮ್ಮಂಥದೇ ಒಂದು ಕನ್ನಡ ಕೂಟ. ಸ್ವಂತ ಕಟ್ಟಡ ಕಟ್ಟಬೇಕೆಂದು ನಿಧಿ ಕೂಡಿಸುತ್ತಿದ್ದರು. ಖಜಾಂಚಿಗಳು ದೇವರಂಥ ಮನುಷ್ಯ. ಕಚೇರಿ ಬಿಟ್ಟೊಡನೆ ಮನೆಮನೆಗೆ ನಡೆದು ಹಣ ಎತ್ತುತ್ತಿದ್ದರು, ರಿಕ್ಷಾ ಬಾಡಿಗೆಯನ್ನೂ ಸಂಘಕ್ಕೆ ಹಾಕಿದವರಲ್ಲ. ಹೋಟೆಲಿನ ಹುಡುಗ ಕೊಟ್ಟ ಐವತ್ತು ರೂಪಾಯಿಯನ್ನೂ ನೆನಪಿನಲ್ಲಿ ಇಟ್ಟಿರುತ್ತಿದ್ದರು. ನೆನಪಿನಲ್ಲಿ ಇಟ್ಟಿರುತ್ತಿದ್ದರು ಎಂಬುದೇ ಕಷ್ಟವಾಯಿತು. ಸಂಘದ ಲೆಕ್ಕಪರಿಶೋಧಕರು ಅವರ ಬಾಲ್ಯ ಸ್ನೇಹಿತರು. "ನಿನ್ನ ಲೆಕ್ಕ ನಾನೇನು ನೋಡಲಿ ಮಾರಾಯ" ಎಂದು ಚಹಾ ಕುಡಿದು ರುಜು ಹಾಕಿ ಹೋಗುತ್ತಿದ್ದರು. ಒಂದು ಬೆಳಗ್ಗೆ ಖಜಾಂಚಿಗಳು ಎದೆನೋವಿನಿಂದ ಹೋಗಿಬಿಟ್ಟರು. ಬ್ಯಾಂಕಿನ ಪುಸ್ತಕಕ್ಕೂ ರಶೀದಿ ಪುಸ್ತಕಕ್ಕೂ ಹೊಂದಿಕೆಯಾಗಲಿಲ್ಲ. ಹನ್ನೊಂದು ದಿನ ಕಳೆಯುವುದರೊಳಗೆ ಕಾರ್ಯಕಾರಿ ಮಂಡಳದವರು ಮನೆಗೆ ಹೋದರು. ಆ ತಾಯಿ ಒಳಗಿನಿಂದ ಒಂದು ತಗಡಿನ ಟ್ರಂಕು ತಂದಿಟ್ಟರು. ತುಂಬ ಚೀಟಿಗಳು, ಸಿಮೆಂಟಿನ ಮುಂಗಡ, ಕಲ್ಲಿನವನಿಗೆ ಕೈಮೇಲೆ ಕೊಟ್ಟದ್ದು, ಕೆಲವಕ್ಕೆ ತಾರೀಖಿದೆ, ಕೆಲವಕ್ಕೆ ಹೆಸರಿಲ್ಲ. ಆರು ತಿಂಗಳು ಕುಳಿತು ನಾವು ಮೂವರು ಚೀಟಿಗೆ ಚೀಟಿ ಕೂಡಿಸಿದೆವು. ಬಹುಪಾಲು ಹೊಂದಿತು, ಸ್ವಲ್ಪ ಹೊಂದಲೇ ಇಲ್ಲ. ಆ ಸ್ವಲ್ಪವೇ ಸಾಕಾಯಿತು. ಸಂಘ ಎರಡಾಯಿತು. ಕಟ್ಟಡದ ಅಡಿಪಾಯದ ಮೇಲೆ ಹುಲ್ಲು ಬೆಳೆಯಿತು. ಆ ಮನೆಯವರು ಮುಂದೆ ಯಾವ ಕನ್ನಡ ಕಾರ್ಯಕ್ರಮಕ್ಕೂ ಬರಲಿಲ್ಲ.

ಅವರು ಒಂದು ಕಾಸು ಮುಟ್ಟಿರಲಿಲ್ಲವೆಂದು ನಾನು ಇಂದಿಗೂ ನಂಬಿದ್ದೇನೆ. ಆದರೆ ನನ್ನ ನಂಬಿಕೆಯನ್ನು ತೆಗೆದುಕೊಂಡು ಆ ತಾಯಿ ಏನು ಮಾಡಬೇಕು? ಅವರಿಗೆ ಬೇಕಾಗಿದ್ದದ್ದು ನಂಬಿಕೆಯಲ್ಲ, ರುಜುವಾತು. ವರ್ಷ ವರ್ಷವೂ ಯಾರಾದರೂ ಕಟ್ಟುನಿಟ್ಟಾಗಿ ಕುಳಿತು, "ಈ ಐನೂರಕ್ಕೆ ಪಾವತಿ ಎಲ್ಲಿ ಸ್ವಾಮಿ?" ಎಂದು ಕೇಳಿದ್ದರೆ ಖಜಾಂಚಿಗಳಿಗೆ ಆ ಕ್ಷಣ ಮುಖ ಕೆಂಪಾಗುತ್ತಿತ್ತು, ಪಾವತಿ ಬರುತ್ತಿತ್ತು, ಹೆಸರು ಉಳಿಯುತ್ತಿತ್ತು. ಲೆಕ್ಕ ಪರಿಶೋಧನೆ ಕಳ್ಳನನ್ನು ಹಿಡಿಯಲಿಕ್ಕೆ ಎಂದು ನಾವೆಲ್ಲ ತಿಳಿದಿದ್ದೇವೆ. ಕಳ್ಳನು ಹೇಗೋ ತಪ್ಪಿಸಿಕೊಳ್ಳುತ್ತಾನೆ. ಅದರ ದೊಡ್ಡ ಉಪಕಾರ ಇರುವುದು ಪ್ರಾಮಾಣಿಕನಿಗೆ. ಪ್ರಾಮಾಣಿಕನು ಒಂಟಿಯಾಗಿ ನಿಲ್ಲದ ಹಾಗೆ ಅವನ ಪಕ್ಕದಲ್ಲಿ ನಿಲ್ಲುವ ಸಾಕ್ಷಿ ಅದು.

ಈಗ ನಮ್ಮ ಪಡಸಾಲೆಗೆ ಬಂದೆವು. ಮಹಾರಾಷ್ಟ್ರದಲ್ಲಿ ನೋಂದಾಯಿತವಾದ ಸಾರ್ವಜನಿಕ ನ್ಯಾಸಗಳಿಗೆ 1950ರ ಕಾಯಿದೆಯೊಂದಿದೆ. ಮೊದಲು ಮುಂಬಯಿಯ ಹೆಸರಿನಲ್ಲಿತ್ತು, ಈಗ ಮಹಾರಾಷ್ಟ್ರದ ಹೆಸರಿನಲ್ಲಿದೆ. ಅದರ 33ನೆಯ ಕಲಮು ವರ್ಷಕ್ಕೊಮ್ಮೆ ಲೆಕ್ಕವನ್ನು ಮುಗಿಸಿ ಪರಿಶೋಧನೆ ಮಾಡಿಸಬೇಕೆನ್ನುತ್ತದೆ. 34ನೆಯದು ಪರಿಶೋಧಕನ ಕರ್ತವ್ಯವನ್ನು ಹೇಳುತ್ತದೆ: ತಪ್ಪಿದ್ದರೆ, ಪೋಲಾಗಿದ್ದರೆ ತನ್ನ ವರದಿಯಲ್ಲಿ ಬರೆಯಬೇಕು. ಆ ವರದಿ ಚ್ಯಾರಿಟಿ ಕಮಿಶನರರ ಕಚೇರಿಗೆ ಹೋಗುತ್ತದೆ. ಆದುದರಿಂದ ಚಹಾ ಕುಡಿದು ರುಜು ಹಾಕುವ ಕಾಲ ಕಾಯಿದೆಯಲ್ಲಿ ಎಂದೋ ಮುಗಿದಿದೆ. ನಮ್ಮ ರೂಢಿಯಲ್ಲಿ ಮುಗಿಯಬೇಕಾಗಿದೆ.

ದಿಲ್ಲಿಯ ಪೀಠದಿಂದಲೂ ನ್ಯೂಯಾರ್ಕಿನ ಮಂಡಳಿಯಿಂದಲೂ ಕಲಿತು ನಾವು ಮಾಡಬಹುದಾದ ನಾಲ್ಕು ಸಣ್ಣ ಕೆಲಸಗಳನ್ನು ಸೂಚಿಸಿ ಮುಗಿಸುತ್ತೇನೆ.

ಮೊದಲನೆಯದು, ಲೆಕ್ಕಪರಿಶೋಧಕರ ಆಯ್ಕೆಯನ್ನು ಕಾರ್ಯಕ್ರಮ ಪತ್ರಿಕೆಯ ತುದಿಯಿಂದ ಮೇಲಕ್ಕೆ ತನ್ನಿರಿ. ಹೊಸ ಕಾರ್ಯಕಾರಿ ಮಂಡಳದ ಆಯ್ಕೆಗಿಂತ ಮುಂಚೆ, ಜನ ಕುಳಿತಿರುವಾಗ, ಸದಸ್ಯರೇ ಹೆಸರು ಸೂಚಿಸಿ ಠರಾವು ಮಾಡಲಿ. ಮಂಡಳದವರು ಹೆಸರು ಸೂಚಿಸದಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು, ಆರಿಸಿದವರು ಮಂಡಳದಲ್ಲಿರುವವರ ನಂಟರೂ ಪಾಲುದಾರರೂ ಆಗಿರಬಾರದು. ಚಿಕ್ಕ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರೇ. ಆ ಕಷ್ಟ ನನಗೆ ಗೊತ್ತು. ಹಾಗಿದ್ದರೆ ಪುಣೆಯಿಂದ ಒಬ್ಬರನ್ನು ಕರೆಸಿರಿ. ಕನ್ನಡ ಬಾರದವರಾದರೂ ಚಿಂತೆಯಿಲ್ಲ. ಅಂಕಿಗೆ ಭಾಷೆಯಿಲ್ಲ.

ಮೂರನೆಯದು, ಅವಧಿಗೆ ಮಿತಿಯಿರಲಿ. ರಾಷ್ಟ್ರಸಂಘದಲ್ಲಿ ಆರು ವರ್ಷ, ನಮ್ಮ ದೇಶದ ಪೀಠಕ್ಕೂ ಆರು ವರ್ಷ. 2013ರ ಕಂಪೆನಿ ಕಾಯಿದೆ ದೊಡ್ಡ ಕಂಪೆನಿಗಳಿಗೆ ಒಬ್ಬ ಪರಿಶೋಧಕನನ್ನು ಐದು ವರ್ಷಕ್ಕಿಂತ ಹೆಚ್ಚು ಸತತವಾಗಿ ಇಟ್ಟುಕೊಳ್ಳಬಾರದೆಂದಿದೆ. ಹಳೆಯ ಕಣ್ಣಿಗೆ ಹಳೆಯ ಕೊಳೆ ಕಾಣುವುದಿಲ್ಲ. ಮನೆಗೆ ಬಂದ ಅತಿಥಿಗೆ ಜೇಡರ ಬಲೆ ಮೊದಲು ಕಾಣುತ್ತದೆ.

ನಾಲ್ಕನೆಯದು, ಪರಿಶೋಧಕರ ಟಿಪ್ಪಣಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿರಿ. ಒಂದೊಂದು ಟಿಪ್ಪಣಿಗೂ ಖಜಾಂಚಿಗಳು ಉತ್ತರ ಕೊಡಲಿ. ಆ ಉತ್ತರವನ್ನು ಕೇಳುವಾಗ ಕುಹಕ ಬೇಡ, ಕೈ ಬೆರಳು ತೋರಿಸುವುದು ಬೇಡ. ಹಾಗೆ ಮಾಡಿದರೆ ಮುಂದಿನ ವರ್ಷ ಒಳ್ಳೆಯವರಾರೂ ಖಜಾಂಚಿಯಾಗಲು ಒಪ್ಪಲಾರರು. ಕೇಳುವುದು ಸದಸ್ಯನ ಹಕ್ಕು, ಮರ್ಯಾದೆಯಿಂದ

ಕೇಳುವುದು ಅವನ ಸಂಸ್ಕಾರ.

ಇಲ್ಲಿ ಕುಳಿತವರಲ್ಲಿ ಹೋಟೆಲು ನಡೆಸುವವರಿದ್ದೀರಿ, ರೈಲ್ವೆಯವರಿದ್ದೀರಿ, ನೌಕಾಪಡೆಯ ಶಿವಾಜಿ ತರಬೇತಿ ಕೇಂದ್ರದವರಿದ್ದೀರಿ, ಗೌಂಡಿ ಕೆಲಸಕ್ಕೆ ವಿಜಾಪುರದ ಕಡೆಯಿಂದ ಬಂದು ನೆಲೆಸಿದ ಬಂಧುಗಳಿದ್ದೀರಿ. ಊರು ಬಿಟ್ಟು ಬಂದ ನಮಗೆ ಇಲ್ಲಿ ಕನ್ನಡದ ಹೆಸರಿನಲ್ಲಿ ಇರುವುದು ಈ ಒಂದು ಸಂಘ. ಅದಕ್ಕೆ ನೀವು ಕೊಡುವ ವರ್ಗಣಿ, ಮಕ್ಕಳ ಫೀ ಕಟ್ಟಿ, ಊರಿಗೆ ಮನಿಯಾರ್ಡರು ಕಳಿಸಿದಂತೆ ಹಣ ಕಳಿಸಿ, ಉಳಿದದ್ದರಲ್ಲಿ ಕೊಡುವಂಥದು. ಅಂಥ ಹಣಕ್ಕೆ ಲೆಕ್ಕ ಕೇಳುವುದು ಸಣ್ಣತನವಲ್ಲ.

ಇನ್ನೊಂದು ಮಾತು ನೆನಪಿಗೆ ಬಂತು. ನವೆಂಬರ್ ತಿಂಗಳು ಕನ್ನಡಿಗರಿಗೆ 1ನೆಯ ತಾರೀಖಿನಿಂದ ಮೊದಲಾಗುತ್ತದೆ. ಅದೇ ತಿಂಗಳ 16ನೆಯ ತಾರೀಖನ್ನು 2021ರಿಂದ ದಿಲ್ಲಿಯಲ್ಲಿ ಲೆಕ್ಕಪರಿಶೋಧನಾ ದಿನವೆಂದು ಆಚರಿಸುತ್ತಾರೆ. 1860ರಲ್ಲಿ ಈ ದೇಶದ ಮೊದಲ ಮಹಾಲೆಕ್ಕಪರಿಶೋಧಕನು ಅಧಿಕಾರ ವಹಿಸಿಕೊಂಡ ದಿನವದು. ನಾಡಹಬ್ಬದ ಪೆಂಡಾಲು ಬಿಚ್ಚಿ, ಬಾಡಿಗೆ ಪಾತ್ರೆಗಳನ್ನು ಹಿಂದಿರುಗಿಸಿ, ಖರ್ಚಿನ ಚೀಟಿಗಳನ್ನೆಲ್ಲ ಕೂಡಿಸುವ ಹೊತ್ತಿಗೆ ಸರಿಯಾಗಿ ಆ ದಿನ ಬರುತ್ತದೆ. ಈ ವರ್ಷ ಆ ದಿನದೊಳಗೆ ಹಬ್ಬದ ಜಮಾ ಖರ್ಚು ಸಂಘದ ಬೋರ್ಡಿನ ಮೇಲೆ ಅಂಟಿಸಿರಲಿ ಎಂದು ನನ್ನ ಸೂಚನೆ. ಖಜಾಂಚಿಗಳು ನನ್ನ ಮೇಲೆ ಸಿಟ್ಟಾಗಬಾರದು. ಈ ಮಾತನ್ನೆಲ್ಲ ಆಡಿದ್ದು ಅವರ ಸಲುವಾಗಿಯೇ.